ಬೆಂಕಿಕಡ್ಡಿಯ ಬೆಲೆ

ರಾಜರ ಯುದ್ಧಗಳನ್ನೂ ಸಂಧಿಗಳನ್ನೂ ಇಸವಿಸಹಿತವಾಗಿ ಬಲ್ಲವರನ್ನು, ಮನೆಯ ಗೂಡಿನಲ್ಲಿರುವ ಬೆಂಕಿಪೆಟ್ಟಿಗೆ ಎಲ್ಲಿಂದ ಬಂದಿತೆಂದು ಕೇಳಿದರೆ, ಅಂಗಡಿಯಿಂದ ಎಂದು ನಕ್ಕು ಸುಮ್ಮನಾಗುವರು. ಅಲ್ಪ ಬೆಲೆಗೆ ದೊರೆಯುವ ವಸ್ತುವಿಗೂ ಚರಿತ್ರೆಯೊಂದುಂಟೆಂಬುದು ಸಾಮಾನ್ಯವಾಗಿ ನಮಗೆ ಹೊಳೆಯುವುದಿಲ್ಲ. ಆದರೆ ಬೆಂಕಿಕಡ್ಡಿಯ ಚರಿತ್ರೆಯನ್ನು ಬಿಡಿಸಿ ನೋಡಿದರೆ, ಅದರ ನಿಜವಾದ ಬೆಲೆಯ ಬಹುಭಾಗವನ್ನು ಕೊಂಡವರು ತೆರಲಿಲ್ಲ, ಬೇರೆ ಯಾರೋ ತೆತ್ತರು ಎಂಬ ಸಂಗತಿ ಗೋಚರವಾಗುತ್ತದೆ.

ಹಿಂದಿನ ಕಾಲದಲ್ಲಿ ಬೆಂಕಿಯನ್ನು ಹೊಸದಾಗಿ ಹುಟ್ಟಿಸುವುದಕ್ಕಿಂತ ಇದ್ದುದನ್ನು ಕಾಪಾಡಿಕೊಳ್ಳುವುದೇ ಸುಲಭವಾಗಿತ್ತು. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುವುದು, ಅದು ಆರಿಹೋದರೆ ಬೆಳಗ್ಗೆ ನೆರೆಮನೆಯಿಂದ ಬೆಂಕಿ ಕೇಳಿ ತರುವುದು, ನಮ್ಮ ಹಳ್ಳಿಗಳಲ್ಲಿ ನಿತ್ಯದ ರೂಢಿಯಾಗಿತ್ತು. ಯೂರೋಪಿನಲ್ಲಿಯೂ ಚಕಮಕಿ ಕಲ್ಲಿಗೆ ಉಕ್ಕನ್ನು ತಾಡಿಸಿ, ಕಿಡಿಯನ್ನು ಸುಟ್ಟ ಬಟ್ಟೆಯ ಮೇಲೆ ಹಿಡಿದು, ಊದಿ ಊದಿ ಉರಿಮಾಡಬೇಕಾಗಿತ್ತು. ಇಂಥ ಕಾಲದಲ್ಲಿ, 1827ರಲ್ಲಿ, ಇಂಗ್ಲೆಂಡಿನ ಸ್ಟಾಕ್‌ಟನ್ ಎಂಬ ಊರಿನ ಔಷಧದ ವ್ಯಾಪಾರಿ ಜಾನ್ ವಾಕರ್ ಎಂಬಾತನು, ಮಡಿಸಿದ ಉಪ್ಪುಕಾಗದದ ನಡುವೆ ಎಳೆದೊಡನೆ ಹೊತ್ತಿಕೊಳ್ಳುವ ಕಡ್ಡಿಗಳನ್ನು ಮಾರಲಾರಂಭಿಸಿದನು. ಮೂರು ನಾಲ್ಕು ವರ್ಷಗಳಲ್ಲಿ ಫ್ರಾನ್ಸಿನ ಷಾರ್ಲ್ ಸೋರಿಯಾ ಎಂಬ ತರುಣನು ಆ ಮದ್ದಿಗೆ ಬಿಳಿಯ ರಂಜಕವನ್ನು ಸೇರಿಸಿದನು. ಈಗ ಕಡ್ಡಿಯು ಗೋಡೆಗೆ ಗೀಚಿದರೂ ಹೊತ್ತಿತು, ಪಾದರಕ್ಷೆಯ ಅಟ್ಟೆಗೆ ಗೀಚಿದರೂ ಹೊತ್ತಿತು. ಬಡವನ ಜೇಬಿನಲ್ಲಿಯೂ ಅಗ್ನಿದೇವನು ಬಂದು ಕುಳಿತನು! ಜನರು ಹಿಗ್ಗಿದುದರಲ್ಲಿ ಆಶ್ಚರ್ಯವೇನಿದೆ?

ಆದರೆ ಬಿಳಿಯ ರಂಜಕವು ಘೋರವಾದ ವಿಷ. ಕಾರ್ಖಾನೆಗಳಲ್ಲಿ ಕಡ್ಡಿಯ ತುದಿಯನ್ನು ಮದ್ದಿನಲ್ಲಿ ಅದ್ದುವವರೂ, ಒಣಗಿಸುವವರೂ, ಪೆಟ್ಟಿಗೆಗೆ ತುಂಬುವವರೂ ಅದರ ಆವಿಯನ್ನು ದಿನವೆಲ್ಲ ಸೇವಿಸುತ್ತಿದ್ದರು. ಇವರಲ್ಲಿ ಹೆಂಗಸರೂ ಹುಡುಗಿಯರೂ ಬಹುಮಂದಿ. ಕೆಲವು ವರ್ಷಗಳಾದಮೇಲೆ ಹಲ್ಲುನೋವು ತೋರುವುದು. ಒಸಡು ಬಾತು ಕೀವು ಸುರಿಯುವುದು. ಕೊನೆಗೆ ದವಡೆಯ ಎಲುಬೇ ಸತ್ತು ಕೊಳೆಯುವುದು. ರೋಗಿಯ ಬಳಿ ಮನೆಯವರೂ ಕುಳಿತಿರಲಾರದಷ್ಟು ದುರ್ಗಂಧ. ದವಡೆಯನ್ನು ಕತ್ತರಿಸಿ ತೆಗೆಯುವುದೊಂದೇ ಚಿಕಿತ್ಸೆಯಾಗಿತ್ತು. ವಿಯೆನ್ನಾ ನಗರದ ವೈದ್ಯನಾದ ಲೋರಿನ್ಸರನು 1845ರಲ್ಲಿಯೇ ಈ ರೋಗಕ್ಕೆ ರಂಜಕದ ಆವಿಯೇ ಕಾರಣವೆಂದು ಪ್ರಕಟಿಸಿದನು. ಆದುದರಿಂದ ಕೇಡು ತಿಳಿದಿರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ.

ಪರಿಹಾರವೂ ತಿಳಿದಿತ್ತು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಪಾಷ್ ಎಂಬಾತನು 1844ರಲ್ಲಿ, ಮದ್ದನ್ನು ಎರಡು ಪಾಲು ಮಾಡಿ, ನಿರಪಾಯಕರವಾದ ಕೆಂಪು ರಂಜಕವನ್ನು ಕಡ್ಡಿಗೆ ಬಳಿಯದೆ ಪೆಟ್ಟಿಗೆಯ ಪಕ್ಕಕ್ಕೆ ಬಳಿಯುವ ಉಪಾಯವನ್ನು ಕಂಡುಹಿಡಿದನು. ಯೆನ್‌ಷೋಪಿಂಗ್ ಪಟ್ಟಣದ ಲುಂಡ್‌ಸ್ಟ್ರೋಮ್ ಸೋದರರು ಅದನ್ನು ತಿದ್ದಿ, 1855ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟು ಕೀರ್ತಿ ಗಳಿಸಿದರು. ಅದೇ ವರ್ಷ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಂಪೆನಿಯವರು ಇದರ ಬ್ರಿಟಿಷ್ ಹಕ್ಕನ್ನು ಕೊಂಡರು. ಇಷ್ಟಾದರೂ ಬಿಳಿಯ ರಂಜಕದ ಕಡ್ಡಿಯನ್ನು ಅವರು ಬಿಡಲಿಲ್ಲ. ಏಕೆ? ಹೊಸ ಕಡ್ಡಿಯ ಬೆಲೆ ಕೊಂಚ ಹೆಚ್ಚು. ಅಲ್ಲದೆ ಅದು ತನ್ನ ಪೆಟ್ಟಿಗೆಯ ಪಕ್ಕಕ್ಕಲ್ಲದೆ ಬೇರೆಲ್ಲಿಯೂ ಹೊತ್ತುತ್ತಿರಲಿಲ್ಲ. ಎಲ್ಲೆಂದರಲ್ಲಿ ಗೀಚುವ ಸುಖಕ್ಕೆ ಒಗ್ಗಿದ್ದ ಜನರು ಹಳೆಯದನ್ನೇ ಬೇಡಿದರು. ಬೇಡಿದುದನ್ನು ಮಾರುವುದೇ ವ್ಯಾಪಾರಧರ್ಮವೆಂದು ಮಾಲೀಕರು ಸಮಾಧಾನ ಹೇಳಿಕೊಂಡರು. ವಸ್ತುವಿನ ಆಕರ್ಷಣೆಯೇ ಅದರ ಸುಧಾರಣೆಗೆ ಅಡ್ಡಿಯಾಯಿತು.

1888ರ ಜೂನ್ 23ರಂದು, ಮುಂದೆ ನಮ್ಮ ದೇಶಕ್ಕೆ ಬಂದು 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಿಣಿಯಾದ ಶ್ರೀಮತಿ ಆನಿ ಬೆಸೆಂಟರು, ಆ ಕಾರ್ಖಾನೆಯ ಹುಡುಗಿಯರ ಅಲ್ಪ ಕೂಲಿಯನ್ನೂ, ಅದರಲ್ಲಿಯೂ ಕಡಿಯುತ್ತಿದ್ದ ಜುಲ್ಮಾನೆಗಳನ್ನೂ ತಮ್ಮ ಪತ್ರಿಕೆಯಲ್ಲಿ ಬಯಲಿಗೆಳೆದರು. ಜುಲೈ ತಿಂಗಳಲ್ಲಿ ಸುಮಾರು 1,400 ಮಂದಿ ಹೆಂಗಸರೂ ಹುಡುಗಿಯರೂ ಕೆಲಸ ಬಿಟ್ಟು ಹೊರಬಂದರು. ಎರಡು ವಾರಗಳೊಳಗಾಗಿ ಜುಲ್ಮಾನೆಗಳು ರದ್ದಾದವು. ಅನ್ನಕ್ಕೆ ವಿಷ ಸೋಂಕದಂತೆ ಊಟಕ್ಕೆ ಪ್ರತ್ಯೇಕವಾದ ಕೋಣೆ ಬೇಕೆಂಬ ಬೇಡಿಕೆಯೂ ಒಪ್ಪಿಗೆಯಾಯಿತು. ವಿಷ ಮಾತ್ರ ಕಾರ್ಖಾನೆಯಲ್ಲಿಯೇ ಉಳಿಯಿತು. ದವಡೆಯ ರೋಗದ ಪ್ರಕರಣಗಳನ್ನು ಸರ್ಕಾರಕ್ಕೆ ತಿಳಿಸದೆ ಮುಚ್ಚಿಟ್ಟುದಕ್ಕಾಗಿ 1898ರಲ್ಲಿ ಅದೇ ಕಂಪೆನಿಗೆ ದಂಡ ಬಿದ್ದಿತು.

ಕೊಳ್ಳುವವರ ಕರುಣೆಯನ್ನೂ ಪರೀಕ್ಷಿಸಿ ನೋಡಿದ್ದಾಯಿತು. 1891ರಲ್ಲಿ ಸಾಲ್ವೇಷನ್ ಆರ್ಮಿಯೆಂಬ ಕ್ರೈಸ್ತ ಸೇವಾಸಂಸ್ಥೆಯವರು ಪೂರ್ವ ಲಂಡನ್ನಿನಲ್ಲಿ ತಮ್ಮದೇ ಕಾರ್ಖಾನೆ ತೆರೆದು, ಕೆಂಪು ರಂಜಕವನ್ನು ಮಾತ್ರ ಬಳಸಿ, ಹೆಚ್ಚು ಕೂಲಿಯನ್ನೂ ಕೊಟ್ಟರು. ಜನರು ಆ ಕಾರ್ಯವನ್ನು ಬಾಯಿತುಂಬ ಹೊಗಳಿದರು. ಆದರೆ ಅಂಗಡಿಗೆ ಹೋದಾಗ ಅಗ್ಗದ ಪೆಟ್ಟಿಗೆಗೇ ಕೈಚಾಚಿದರು. ಸುಮಾರು ಹತ್ತು ವರ್ಷಗಳಲ್ಲಿ ಆ ಉದ್ಯಮ ಕೊನೆಗೊಂಡಿತು.

ಕಟ್ಟಕಡೆಗೆ ಕೆಲಸ ಮಾಡಿದುದು ಶಾಸನ. ಫಿನ್ಲೆಂಡು 1872ರಲ್ಲಿಯೂ ಡೆನ್ಮಾರ್ಕು 1874ರಲ್ಲಿಯೂ ಬಿಳಿಯ ರಂಜಕದ ಕಡ್ಡಿಯನ್ನು ನಿಷೇಧಿಸಿದ್ದವು. ರಂಜಕ ಗಂಧಕಗಳ ಸಂಯುಕ್ತದಿಂದ, ಎಲ್ಲಿ ಗೀಚಿದರೂ ಹೊತ್ತುವ ನಿರಪಾಯವಾದ ಕಡ್ಡಿಯನ್ನು 1898ರಲ್ಲಿ ಫ್ರೆಂಚರು ಮಾಡಿ ತೋರಿಸಿದ ಮೇಲೆ, ಉಳಿದ ದೇಶಗಳ ನೆಪಗಳೂ ಕರಗಿದವು. 1906ರಲ್ಲಿ ಬರ್ನ್ ನಗರದಲ್ಲಿ ರಾಷ್ಟ್ರಗಳ ಒಪ್ಪಂದವಾಯಿತು. 1908ರಲ್ಲಿ ಬ್ರಿಟನ್ನಿನಲ್ಲಿಯೂ, 1913ರಲ್ಲಿ ಇಂಡಿಯಾದಲ್ಲಿಯೂ ನಿಷೇಧದ ಕಾಯಿದೆಗಳು ಬಂದವು. ಲೋರಿನ್ಸರನ ಎಚ್ಚರಿಕೆಗೂ ಬ್ರಿಟಿಷ್ ಕಾಯಿದೆಗೂ ನಡುವೆ 63 ವರ್ಷಗಳು! ಜ್ಞಾನಕ್ಕೂ ಧರ್ಮಕ್ಕೂ ನಡುವಣ ದಾರಿ ಇಷ್ಟು ದೀರ್ಘವಾಗಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1923ರ ಸುಮಾರಿಗೆ ದಕ್ಷಿಣದ ಶಿವಕಾಶಿಯಲ್ಲಿ ಬೆಂಕಿಪೆಟ್ಟಿಗೆಯ ಉದ್ಯಮ ಬೇರೂರಿ, ಮಳೆ ಕಾಣದ ಆ ಸೀಮೆಗೆ ಅನ್ನವನ್ನು ಕೊಟ್ಟಿತು. ವಿಷದ ರಂಜಕ ಹೋಗಿತ್ತು. ಆದರೆ ಕಡ್ಡಿ ಜೋಡಿಸುವುದಕ್ಕೂ ಪೆಟ್ಟಿಗೆ ಅಂಟಿಸುವುದಕ್ಕೂ ಮಕ್ಕಳ ಬೆರಳುಗಳು ಒದಗಿದವು. ಪಾಠಶಾಲೆಯಲ್ಲಿ ಕಳೆಯಬೇಕಾದ ಅವರ ಬಾಲ್ಯವೂ ಆ ಅಲ್ಪ ಬೆಲೆಯೊಳಗೆ ಸೇರಿಹೋಯಿತು. 1986ರ ಕಾಯಿದೆಯೂ, 1996ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪೂ ಅದರ ವಿರುದ್ಧವಾಗಿ ಬರಬೇಕಾಯಿತು.

ಬೆಂಕಿಕಡ್ಡಿಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಕತ್ತಲಮನೆಗೆ ಬೆಳಕನ್ನು ತಂದ ವಸ್ತುವಿಗೆ ನಾವು ಋಣಿಗಳು. ಆದರೆ ಋಣವು ವಸ್ತುವಿನೊಡನೆಯೇ ತೀರುವುದಿಲ್ಲ. ಅದನ್ನು ಮಾಡಿದ ಕೈಗಳಿಗೂ ಸಲ್ಲಬೇಕು. ಇಂದು ಅನೇಕ ದೂರವಾಣಿಗಳ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಲೋಹದ ಅರ್ಧಕ್ಕೂ ಮಿಗಿಲಾದ ಪಾಲು ಆಫ್ರಿಕದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿಯ ಕೆಲವು ಗಣಿಗಳಲ್ಲಿ ಬಡವರು, ಮಕ್ಕಳು ಸಹ, ಕೈಯಿಂದಲೇ ನೆಲವನ್ನು ತೋಡಿದ್ದಾರೆಂಬುದು ಲೋಕಕ್ಕೆ ತಿಳಿದ ಸಂಗತಿ. ಕೇಡು ತಿಳಿದಿದೆ, ಪರಿಹಾರವೂ ಮನುಷ್ಯಶಕ್ತಿಗೆ ಮೀರಿದುದಲ್ಲ. ಈ ಸಾರಿಯೂ 63 ವರ್ಷಗಳು ಬೇಕೇ ಎಂಬುದನ್ನು ಕೊಳ್ಳುವವರಾದ ನಾವೂ, ಶಾಸನ ಮಾಡುವ ನಮ್ಮ ಪ್ರತಿನಿಧಿಗಳೂ ಯೋಚಿಸಬೇಕಾಗಿದೆ.