ವೆಂಟಿನಲ್ಲಿ ಉಕ್ಕುವ ಮಾಲು

ಜಯನಗರದ ಅಡುಗೆಮನೆಯಲ್ಲಿ ಕತ್ತರಿಸಿದ ಹಾಲಿನ ಕವರು ಒಣಕಸದ ಕೇಂದ್ರ ದಾಟಿ ನಾಯಂಡಹಳ್ಳಿಯ ಗಲ್ಲಿಗಳಿಗೆ ಬರುತ್ತದೆ. ಅಲ್ಲಿ ಅದನ್ನು ತೊಳೆದು, ಎಕ್ಸ್‌ಟ್ರೂಡರಿನಲ್ಲಿ ಕರಗಿಸಿ ದಾನಾ, ಅಂದರೆ ಪ್ಲಾಸ್ಟಿಕ್ ಹರಳು, ಮಾಡುತ್ತಾರೆ. ಒಳಗೆ ಸ್ಕ್ರೂ ತಿರುಗುವ ಯಂತ್ರದ ಬ್ಯಾರಲ್ ನಡುವೆ ವೆಂಟ್ ಎಂಬ ಬಾಯಿ ಇರುತ್ತದೆ. ಆವಿ, ಇಂಕಿನ ಹೊಗೆ ಹೋಗಬೇಕಾದ ದಾರಿ ಅದು. ಕೆಲವು ದಿನ ಅಲ್ಲಿಂದ ಹೊಗೆಯ ಬದಲು ಕರಗಿದ ಮಾಲೇ ಏಳುತ್ತದೆ. ಅಂಚಿನಲ್ಲಿ ಮೊದಲು ಸಣ್ಣ ಉಬ್ಬು, ನೋಡುನೋಡುತ್ತಿದ್ದಂತೆ ಕಪ್ಪು ಹಗ್ಗದಂತೆ ಸುರುಳಿ ಸುತ್ತಿ ಕೆಳಗೆ ಬೀಳುತ್ತದೆ.

ಚಕ್ಕುಲಿ ಒರಳು ಒತ್ತಿದವರಿಗೆ ಇದರ ಗುಟ್ಟು ಗೊತ್ತು. ಬಿಲ್ಲೆಯ ತೂತು ಕಟ್ಟಿಕೊಂಡರೆ ಹಿಟ್ಟು ಒತ್ತುಗೋಲಿನ ಸುತ್ತ ಮೇಲಕ್ಕೆ ಬರುತ್ತದೆ. ತಪ್ಪು ಕೆಳಗೆ, ಕಾಣುವುದು ಮೇಲೆ. ಇಷ್ಟನ್ನು ಲೆಕ್ಕವಾಗಿ ಕಟ್ಟಿಕೊಳ್ಳಲು ಎಂಜಿನಿಯರುಗಳಿಗೆ ದಶಕಗಳೇ ಬೇಕಾದವು.

ಮ್ಯಾಥ್ಯೂ ಗ್ರೇ ಇಂಗ್ಲೆಂಡಿನಲ್ಲಿ ಸ್ಕ್ರೂ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1879ರಲ್ಲಿ. ಕರಗುವ ಪ್ಲಾಸ್ಟಿಕ್‌ಗೆಂದೇ ಯಂತ್ರ ಕಟ್ಟಿದವರು ಜರ್ಮನಿಯ ಪೌಲ್ ಟ್ರೋಸ್ಟರ್, 1935ರಲ್ಲಿ. ವೆಂಟ್ ಬಂದಾಗ ಸ್ಕ್ರೂ ಎರಡು ಹಂತಗಳದ್ದಾಯಿತು, ಉದ್ದವೂ ಬೆಳೆಯಿತು. ಸಾಮಾನ್ಯ ಸ್ಕ್ರೂ ವ್ಯಾಸದ 24 ಪಟ್ಟು ಇದ್ದರೆ ವೆಂಟಿನದು 30 ಪಟ್ಟು ಅಥವಾ ಹೆಚ್ಚು. ಮೊದಲ ಹಂತ ಕರಗಿಸಿ ತಳ್ಳುತ್ತದೆ. ವೆಂಟಿನ ಕೆಳಗೆ ಸ್ಕ್ರೂವಿನ ಕಾಲುವೆ ಆಳವಾಗಿದ್ದು ಅರ್ಧಂಬರ್ಧ ಮಾತ್ರ ತುಂಬುತ್ತದೆ, ಒತ್ತಡ ಇಳಿದು ಆವಿ ಹೊರಗೆ ಹೋಗುತ್ತದೆ. ಎರಡನೇ ಹಂತ ಮತ್ತೆ ಒತ್ತಡ ಕಟ್ಟಿ ತುದಿಯ ತೂತಿನ ಬಿಲ್ಲೆಗೆ, ಅಂದರೆ ಡೈಗೆ, ನೂಕುತ್ತದೆ. ಮೊದಲನೆಯದು ಕೊಟ್ಟಷ್ಟನ್ನು ಎರಡನೆಯದು ಸಾಗಿಸದಿದ್ದರೆ ಮಾಲು ವೆಂಟಿಗೆ ಏರುತ್ತದೆ.

ಒಳಗೆ ಏನಾಗುತ್ತದೆ ಎಂದು ಕಂಡದ್ದು 1950ರ ದಶಕದಲ್ಲಿ. ಹರಳು ಹೇಗೆ ಮುಂದೆ ಸರಿಯುತ್ತದೆ ಎಂಬುದನ್ನು ಡಾರ್ನೆಲ್ ಮತ್ತು ಮೋಲ್ 1956ರಲ್ಲಿ ಲೆಕ್ಕ ಹಾಕಿದರು. 1959ರಲ್ಲಿ ಮ್ಯಾಡಕ್ ಬಣ್ಣದ ಹರಳು ಬೆರೆಸಿ ಓಡಿಸಿ, ಯಂತ್ರ ನಿಲ್ಲಿಸಿ ತಣಿಸಿ, ಸ್ಕ್ರೂ ಹೊರಗೆಳೆದು ಅದಕ್ಕೆ ಸುತ್ತಿದ ಪ್ಲಾಸ್ಟಿಕನ್ನು ಕೊಯ್ದು ನೋಡಿದ. ಕರಗುವಿಕೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಬಣ್ಣದ ಪಟ್ಟೆಗಳಲ್ಲಿ ಕಂಡಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಪ್ರಿಯವಾದ ಪ್ರಯೋಗ ಇದು. 1960ರ ದಶಕದಲ್ಲಿ ಟಾಡ್ಮೋರ್ ಈ ಕರಗುವಿಕೆಗೆ ಗಣಿತ ಕೊಟ್ಟ ಮೇಲೆ ಎರಡು ಹಂತಗಳನ್ನು ಹೊಂದಿಸುವುದು ಅಂದಾಜಿನ ಕೆಲಸವಾಗಿ ಉಳಿಯಲಿಲ್ಲ.

ಇವತ್ತು ವೆಂಟ್ ಉಕ್ಕಿದರೆ ಮೊದಲು ನೋಡಬೇಕಾದದ್ದು ಡೈಗೆ ಮುಂಚೆ ಕಸ ಸೋಸುವ ಜಾಲಿ. ಗಂಟೆಗಟ್ಟಲೆ ಸರಿಯಾಗಿ ಓಡಿ ಆಮೇಲೆ ಉಕ್ಕಿತು, ಜಾಲಿ ಬದಲಿಸಿದೊಡನೆ ನಿಂತಿತು ಎಂದರೆ ಬೇರೆ ಹುಡುಕಾಟ ಬೇಡ. ಶುರುವಿನಿಂದಲೇ ಉಕ್ಕುತ್ತಿದ್ದರೆ ಡೈ ತಣ್ಣಗಿದೆಯೇ, ಎರಡನೇ ಹಂತದ ಸ್ಕ್ರೂ ಅಂಚು ಸವೆದಿದೆಯೇ, ಹಾಪರಿನಿಂದ ಮಾಲು ಹೆಚ್ಚಾಗಿ ಇಳಿಯುತ್ತಿದೆಯೇ ಎಂದು ನೋಡಬೇಕು. ಬಿದ್ದ ತುಂಡು ಆರಿದ ಮೇಲೆ ಅದನ್ನು ಚಾಕುವಿನಿಂದ ಕೊಯ್ದರೆ ಇನ್ನೊಂದು ಸಾಕ್ಷಿ ಸಿಗುತ್ತದೆ: ಒಳಗೆ ಬ್ರೆಡ್ಡಿನಂತೆ ತೂತುಗಳಿದ್ದರೆ ನೀರು ಉಳಿದಿರಬಹುದು. ಒಂದು ಲೀಟರ್ ನೀರು ಕುದಿದರೆ ಸುಮಾರು 1,700 ಲೀಟರ್ ಆವಿ; ತೊಳೆದ ಫಿಲ್ಮನ್ನು ಅರೆಬರೆ ಒಣಗಿಸಿ ಹಾಕಿದರೆ ಮಾಲು ನೊರೆಯಾಗಿ ಏಳದೆ ಇರದು. ಕೆರೆಯಲು ಹಿತ್ತಾಳೆ ಕಡ್ಡಿ ಬಳಸಬೇಕು, ಸ್ಟೀಲ್ ಆದರೆ ಸ್ಕ್ರೂ ಗೀಚುತ್ತದೆ. ಯಂತ್ರ ಓಡುವಾಗ ಕಡ್ಡಿಯೂ ಬೇಡ, ಮುಖವನ್ನಂತೂ ವೆಂಟಿನ ಮೇಲೆ ಬಾಗಿಸಲೇಬಾರದು.

ಉಕ್ಕದಂತೆ ತಡೆಯಲು ಮಾಲನ್ನು ಅಳೆದು ಹಾಕಿ ಓಡಿಸುವ ಅವಳಿ ಸ್ಕ್ರೂ ಇದೆ, ಒತ್ತಡದ ಹೊರೆ ಹೊರುವ ಗೇರ್ ಪಂಪ್ ಇದೆ. ಸಣ್ಣ ಘಟಕಗಳಿಗೆ ಇವು ದುಬಾರಿ. ಕೆಲವರು ವೆಂಟನ್ನೇ ಮುಚ್ಚಿ ಓಡಿಸುತ್ತಾರೆ. ಆಗ ಸಿಕ್ಕಿಬಿದ್ದ ಆವಿ ದಾನಾದೊಳಗೆ ಗುಳ್ಳೆಯಾಗುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ 2025-26ರಿಂದ ಶೇ 10ರಷ್ಟು ಮರುಬಳಕೆಯ ಮಾಲು ಇರಬೇಕು ಎಂಬ ಕೇಂದ್ರದ ನಿಯಮ ಬಂದಿರುವಾಗ ಅಂಥ ದಾನಾವನ್ನು ಯಾರು ಕೊಳ್ಳುತ್ತಾರೆ?

ಬೆಂಗಳೂರಿನಲ್ಲಿ 2012ರಿಂದ ಹಸಿ, ಒಣ ಕಸ ಬೇರ್ಪಡಿಸುವುದು ಕಡ್ಡಾಯ. ಆದರೂ ಬಿಚ್ಚಿದ ಜಾಲಿಯನ್ನು ಬೆಳಕಿಗೆ ಹಿಡಿದರೆ ಕಾಣುವುದು ಸ್ಟೇಪಲ್ ಪಿನ್ನು, ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಚೂರು, ಸುಟ್ಟು ಕರಕಲಾದ ಕಾಗದ.