ಆಸ್ಟಿಯೊಪೊರೋಸಿಸ್ ಔಷಧಗಳು ಮತ್ತು ಕ್ಯಾನ್ಸರ್ ಅಪಾಯದ ಅಧ್ಯಯನ
ಮೂಳೆ ಟೊಳ್ಳಾಗುವ ರೋಗಕ್ಕೆ (ಆಸ್ಟಿಯೊಪೊರೋಸಿಸ್) ವರ್ಷಗಟ್ಟಲೆ ಸೇವಿಸುವ ಔಷಧಗಳಿಂದ ಕ್ಯಾನ್ಸರ್ ಸಂಭವ ಹೆಚ್ಚುವುದೇ, ತಗ್ಗುವುದೇ ಎಂಬುದನ್ನು ಪರಿಶೀಲಿಸುವ ಔಷಧ ಸುರಕ್ಷತಾ ಸಂಶೋಧನೆ. ಹೆಚ್ಚು ಚರ್ಚೆಗೆ ಒಳಗಾದದ್ದು ಅಲೆಂಡ್ರೊನೇಟ್ ಮೊದಲಾದ ಬಿಸ್‌ಫಾಸ್ಫೊನೇಟ್ ಗುಂಪು. ಮಾತ್ರೆ ಅನ್ನನಾಳದಲ್ಲಿ ಸಿಲುಕಿದರೆ ಹುಣ್ಣಾಗಬಹುದು; ಬರಿಹೊಟ್ಟೆಯಲ್ಲಿ ಒಂದು ಲೋಟ ನೀರಿನೊಡನೆ ನುಂಗಿ ಅರ್ಧ ಗಂಟೆ ಮಲಗಬಾರದೆಂಬ ಸೂಚನೆ ಅದಕ್ಕಾಗಿಯೇ. ಅನ್ನನಾಳದ ಕ್ಯಾನ್ಸರಿನ ಶಂಕೆ ಮೂಡಿದ್ದೂ ಈ ಹುಣ್ಣಿನಿಂದ. 2010ರಲ್ಲಿ ಬ್ರಿಟನ್ನಿನ ಒಂದೇ ದತ್ತಾಂಶ ಸಂಗ್ರಹವನ್ನು ಆಧರಿಸಿದ ಎರಡು ಅಧ್ಯಯನಗಳು ಭಿನ್ನ ಫಲಿತಾಂಶ ನೀಡಿದವು: ಆಕ್ಸ್‌ಫರ್ಡ್ ತಂಡ 10 ಅಥವಾ ಹೆಚ್ಚು ಬಾರಿ ಔಷಧ ಪಡೆದವರಲ್ಲಿ ಅಪಾಯ ಸುಮಾರು ಇಮ್ಮಡಿ ಎಂದರೆ, ಬೆಲ್‌ಫಾಸ್ಟ್ ತಂಡಕ್ಕೆ ಹೆಚ್ಚಳ ಕಾಣಲಿಲ್ಲ. ಅನುಸರಣೆಯ ಅವಧಿ ಮತ್ತು ಹೋಲಿಕೆಯ ಕ್ರಮ ಬೇರೆಯಾದುದು ಇಲ್ಲಿ ಗಮನಾರ್ಹ. ಇಮ್ಮಡಿಯಾದರೂ, 60–79ರ ವಯಸ್ಸಿನಲ್ಲಿ ಐದು ವರ್ಷಗಳ ಅಪಾಯ ಸಾವಿರಕ್ಕೆ ಒಂದರಿಂದ ಎರಡಕ್ಕೆ ಏರಿದಂತೆ ಮಾತ್ರ.

ಬಿಸ್‌ಫಾಸ್ಫೊನೇಟ್ ಸೇವಿಸುವವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆ ಎಂಬ ವೀಕ್ಷಣೆಯನ್ನು ಯಾದೃಚ್ಛಿಕ ಪ್ರಯೋಗಗಳು ಸಮರ್ಥಿಸಲಿಲ್ಲ. ಮೂಳೆಸಾಂದ್ರತೆ ಕಡಿಮೆಯಿರುವ ಮಹಿಳೆಯರಲ್ಲಿ ಈಸ್ಟ್ರೊಜೆನ್ ಪ್ರಭಾವವೂ ಕಡಿಮೆಯಿರುವುದು ಇಂಥ ಹೋಲಿಕೆಯ ಮುಖ್ಯ ತೊಡಕು. ಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ಔಷಧದ ದೀರ್ಘಕಾಲಿಕ ಬಳಕೆಯಲ್ಲಿ ಕ್ಯಾನ್ಸರ್ ತುಸು ಹೆಚ್ಚಿದ್ದರಿಂದ ಐರೋಪ್ಯ ಔಷಧ ಸಂಸ್ಥೆ 2012ರಲ್ಲಿ ಆಸ್ಟಿಯೊಪೊರೋಸಿಸ್‌ಗೆ ಅದನ್ನು ಬಳಸದಂತೆ ಸೂಚಿಸಿತು. ಇದೇ ರೋಗದ ಮತ್ತೊಂದು ಔಷಧ ಟೆರಿಪ್ಯಾರಟೈಡ್ ಇಲಿಗಳಲ್ಲಿ ಮೂಳೆ ಕ್ಯಾನ್ಸರ್ ಉಂಟುಮಾಡಿತ್ತು. ಮನುಷ್ಯರಲ್ಲಿ ಹಾಗೆ ಕಾಣದ ಕಾರಣ ಅಮೆರಿಕ 2020ರಲ್ಲಿ ಅದರ ಲೇಬಲ್ಲಿನಲ್ಲಿದ್ದ ಚೌಕಟ್ಟಿನ ಎಚ್ಚರಿಕೆಯನ್ನು ತೆಗೆದುಹಾಕಿತು.

ಇಂಥ ಅಧ್ಯಯನಕ್ಕೆ ಔಷಧ ದಾಖಲೆ, ಕ್ಯಾನ್ಸರ್ ನೋಂದಣಿ ಎರಡೂ ಜೋಡಣೆಯಾಗಿರಬೇಕು. ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ 1982ರಿಂದ ನಡೆದಿದೆ. ಅದು ಬೆಂಗಳೂರು ನಗರ ಪ್ರದೇಶಕ್ಕೆ ಸೇರಿದ್ದು, ರಾಜ್ಯದ ಇತರ ಊರುಗಳು ಅದರ ವ್ಯಾಪ್ತಿಯ ಹೊರಗಿವೆ.