ಜಲಪಾತದ ಬೆನ್ನಿಗೊಂದು ಊರು

ಗೋಕಾಕದಿಂದ ಕೊಣ್ಣೂರಿನ ಕಡೆ ಹೊರಟ ಬಸ್ಸು ಆರು ಕಿಲೋಮೀಟರ್ ದಾಟುವಷ್ಟರಲ್ಲಿ ಕಂಡಕ್ಟರ್ ‘ಫಾಲ್ಸ್, ಫಾಲ್ಸ್’ ಎಂದು ಕೂಗುತ್ತಾನೆ. ಇಳಿಯುವವರಲ್ಲಿ ಕ್ಯಾಮೆರಾ ಹಿಡಿದವರಿಗಿಂತ ಸಂತೆಯ ಚೀಲ ಹಿಡಿದವರೇ ಹೆಚ್ಚು. ‘ಗೋಕಾಕ ಫಾಲ್ಸ್’ ಬರಿಯ ಜಲಪಾತದ ಹೆಸರಲ್ಲ, ಊರಿನ ಹೆಸರೂ ಹೌದು. ಅದಕ್ಕೆ ತನ್ನದೇ ಅಂಚೆ ಕಚೇರಿ ಇದೆ, 591308 ಎಂಬ ಪಿನ್ ಕೋಡ್ ಇದೆ. ಜಲಪಾತ ನೋಡಲು ಬಂದವರು ಈ ಊರನ್ನು ನೋಡದೆಯೇ ಹೋಗಿಬಿಡುತ್ತಾರೆ ಎಂಬುದು ಬೇಸರದ ಸಂಗತಿ.

ಸುತ್ತಲಿನ ಗುಡ್ಡಗಳಲ್ಲಿ ಮಲೆನಾಡಿನ ಹಸಿರು ಹುಡುಕಬಾರದು. ಮಳೆಗಾಲ ಮುಗಿದು ನಾಲ್ಕು ವಾರ ಕಳೆದರೆ ಇಲ್ಲಿ ಕಾಣುವುದು ಕಂದು ಬಣ್ಣದ ಮರಳುಗಲ್ಲು, ಅದರ ಸಂದಿಗೊಂದಿಯಲ್ಲಿ ಕುರುಚಲು ಗಿಡ. ಆದರೆ ಈ ಊರಿನ ಕತೆ ಶುರುವಾಗುವುದು ಆ ಕಲ್ಲಿನಿಂದಲೇ. ಭೂವಿಜ್ಞಾನಿಗಳು ಕಲಾದಗಿ ಶಿಲಾಶ್ರೇಣಿ ಎನ್ನುವ ಈ ಹಾಸಿನಲ್ಲಿ ಗಟ್ಟಿ ಮರಳುಗಲ್ಲು ಮೇಲೆ, ಪದರು ಪದರಾದ ಮೆತ್ತನೆಯ ಕಲ್ಲು ಕೆಳಗೆ. ನೀರು ಕೆಳಗಿನದನ್ನು ಕೊರೆಯುತ್ತ ಹೋದಂತೆ ಮೇಲಿನದು ಆಸರೆ ತಪ್ಪಿ ದೊಡ್ಡ ಹೆಂಟೆಗಳಾಗಿ ಕಳಚಿ ಬೀಳುತ್ತದೆ. ಅದಕ್ಕೇ ಬಂಡೆಯ ಅಂಚು ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗಿದೆ. 19ನೇ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಭಾರತದ ಕಲ್ಲುಮಣ್ಣನ್ನೆಲ್ಲ ಅಳೆಯುತ್ತ ತಿರುಗಿದ ಕ್ಯಾಪ್ಟನ್ ನ್ಯೂಬೋಲ್ಡ್ ಇಲ್ಲಿಗೂ ಬಂದು ಈ ಬಂಡೆಗಳ ಬಗ್ಗೆ ಬರೆದಿದ್ದಾನೆ.

ಘಟಪ್ರಭೆ ಇಲ್ಲಿ ಕುದುರೆಲಾಳದ ಆಕಾರದ ಅಂಚಿನಿಂದ 52 ಮೀಟರ್, ಅಂದರೆ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತಾಳೆ. ತುಂಬು ಪ್ರವಾಹದಲ್ಲಿ ಅಂಚಿನ ಅಗಲ 177 ಮೀಟರ್. ನೀರು ಹಾಲಿನಂತಿರುವುದಿಲ್ಲ, ಕೆಮ್ಮಣ್ಣು ಕಲಸಿದ ಬಣ್ಣದ್ದು, ದಪ್ಪನೆಯದು. ‘ಕರ್ನಾಟಕದ ನಯಾಗರಾ’ ಎಂಬ ಬಿರುದು ಲಾಳದ ಆಕಾರದಿಂದ ಬಂದದ್ದು. ನಯಾಗರಾಕ್ಕೂ ಗೋಕಾಕಕ್ಕೂ ಇನ್ನೊಂದು ಸಾಮ್ಯವಿದೆ, ಅದನ್ನು ಹೇಳುವವರು ಕಡಿಮೆ: ಎರಡೂ ಕಡೆ ಮನುಷ್ಯ ನೀರಿನ ಅಂದ ನೋಡಿ ಸುಮ್ಮನಾಗಲಿಲ್ಲ, ಅದನ್ನು ದುಡಿಮೆಗೆ ಹಚ್ಚಿದ. ನಯಾಗರಾದ ಹೆಸರಾಂತ ವಿದ್ಯುದಾಗಾರ ಶುರುವಾದದ್ದು 1895ರಲ್ಲಿ. ಗೋಕಾಕದಲ್ಲಿ ನೀರಿನ ಬಲದ ಮೇಲೆ ಗಿರಣಿ ಓಡಿದ್ದು ಅದಕ್ಕೂ ಎಂಟು ವರ್ಷ ಮೊದಲು.

1885ರಲ್ಲಿ ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’ ಹುಟ್ಟಿತು. ಹೆಸರಿನಲ್ಲಿ ನೀರು ಮೊದಲು, ನೂಲು ಆಮೇಲೆ. 1887ರಲ್ಲಿ ಗಿರಣಿ ಶುರುವಾಯಿತು. ಆ ದಶಕದಲ್ಲೇ ಸದರ್ನ್ ಮರಾಠಾ ರೈಲ್ವೆಯ ಹಳಿ ಬೆಳಗಾವಿಯಿಂದ ಮೀರಜಿನತ್ತ ಸಾಗಿತ್ತು. ಹತ್ತಿ ಬರಲು, ನೂಲು ಹೋಗಲು ದಾರಿಯಾಯಿತು. ಆ ಹಳಿ ಗೋಕಾಕ ಪಟ್ಟಣವನ್ನು ಮುಟ್ಟಲೇ ಇಲ್ಲ, ಇವತ್ತಿಗೂ ಮುಟ್ಟಿಲ್ಲ. ಗೋಕಾಕಕ್ಕೆ ರೈಲಿನಲ್ಲಿ ಬರುವವರು ಗೋಕಾಕ ರೋಡಿನಲ್ಲೋ ಘಟಪ್ರಭಾದಲ್ಲೋ ಇಳಿಯಬೇಕು.

‘ಏಷ್ಯಾದಲ್ಲೇ ಮೊದಲ ವಿದ್ಯುತ್ ಇಲ್ಲಿ ಹುಟ್ಟಿತು, 1887ರಲ್ಲಿ’ ಎಂಬ ಮಾತು ಊರವರ ಬಾಯಲ್ಲೂ ಪ್ರವಾಸಿ ಕೈಪಿಡಿಗಳಲ್ಲೂ ಇದೆ. ಡಾರ್ಜಿಲಿಂಗಿನ ಸಿದ್ರಾಪೊಂಗ್ 1897ರದು, ನಮ್ಮ ಶಿವನಸಮುದ್ರ 1902ರದು. ಆ ಲೆಕ್ಕದಲ್ಲಿ ಗೋಕಾಕದ ಹಕ್ಕು ದೊಡ್ಡದೇ. ಆದರೆ ಟರ್ಬೈನಿನ ತಿರುಗುಬಲವನ್ನು ನೇರವಾಗಿ ಯಂತ್ರಕ್ಕೆ ಕೊಡುವುದು ಬೇರೆ, ಅದರಿಂದ ಕರೆಂಟು ತೆಗೆಯುವುದು ಬೇರೆ. ಇತಿಹಾಸ ಬರೆಯುವವರು ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಬಾರದು. ‘ಮೊದಲು’ ಎಂಬ ಪಟ್ಟ ಇರಲಿ ಬಿಡಲಿ, ಮುಂಬಯಿ ಪ್ರಾಂತದ ದಕ್ಷಿಣ ಮೂಲೆಯ ಒಂದು ಕಲ್ಲುಗುಡ್ಡದ ಮೇಲೆ ಆ ಕಾಲಕ್ಕೆ ಇಂಥ ಸಾಹಸ ನಡೆದದ್ದೇ ದೊಡ್ಡ ಮಾತು. ವಿದ್ಯುದಾಗಾರ ಇರುವುದು ಕಣಿವೆಯ ತಳದಲ್ಲಿ. ಅಲ್ಲಿಗೆ ಇಳಿಯಲು ಕಂಪನಿಯ ರೋಪ್‌ವೇ ಇದೆ. ಅದು ಕೆಲಸಗಾರರ ದಾರಿ, ಪ್ರವಾಸಿಗರದ್ದಲ್ಲ.

ಗಿರಣಿಯ ಸುತ್ತ ಊರು ಬೆಳೆಯಿತು. ಕ್ವಾರ್ಟರ್ಸು, ಶಾಲೆ, ದವಾಖಾನೆ, ಅಂಗಡಿಸಾಲು ಬಂದವು. ಸಾವಿರಾರು ಮಂದಿ ಪಾಳಿಯ ಮೇಲೆ ದುಡಿದರು. ಒಕ್ಕಲುತನದ ನಾಡಿನಲ್ಲಿ ಗಳ್ಯಾ ಹೂಡುವ ಹೊತ್ತು, ಎಮ್ಮೆ ಕರೆಯುವ ಹೊತ್ತು ಎಂಬ ಲೆಕ್ಕವಿದ್ದರೆ ಇಲ್ಲಿ ಭೋಂಗಾ ಕೂಗಿದ ಹೊತ್ತೇ ಹೊತ್ತು. ಹೊಲವಿಲ್ಲದವರಿಗೆ, ಹೊಲವಿದ್ದೂ ಮಳೆಯಿಲ್ಲದವರಿಗೆ ತಿಂಗಳ ಪಗಾರ ಎಂಬುದು ಹೊಸದು. ಫೋರ್ಬ್ಸ್ ಕಂಪನಿಯ ಕೈಯಲ್ಲಿ ಬಹುಕಾಲ ಇದ್ದ ಗಿರಣಿ ಮುಂದೆ ಶಾಪೂರ್ಜಿ ಪಲ್ಲೊಂಜಿ ಸಮೂಹಕ್ಕೆ ಸೇರಿತು. ಈಗಿನ ಹೆಸರು ಗೋಕಾಕ ಟೆಕ್ಸ್‌ಟೈಲ್ಸ್. ಊರವರಿಗೆ ಮಾತ್ರ ಅದು ಅಂದಿಗೂ ಇಂದಿಗೂ ‘ಮಿಲ್ಲು’.

ಮಿಲ್ಲು ಬರುವ ಮೊದಲು ಇಲ್ಲಿ ಯಾರೂ ಇರಲಿಲ್ಲವೆಂದಲ್ಲ. ಜಲಪಾತದ ಅಂಚಿಗೇ ಮಹಾಲಿಂಗೇಶ್ವರನ ಗುಡಿಯಿದೆ, ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯದು. ನದಿಯ ಎರಡೂ ದಂಡೆಗಳಲ್ಲಿ ಆ ಕಾಲದ ಗುಡಿಗಳಿವೆ. ನೀರು ಬೀಳುವ ಜಾಗದಲ್ಲಿ ದೇವರನ್ನು ಕೂರಿಸಬೇಕೆಂದು ಆ ಶಿಲ್ಪಿಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊಣ್ಣೂರಿನ ಗುಡ್ಡದಲ್ಲಂತೂ ಕಲ್ಲುಚಪ್ಪಡಿ ನಿಲ್ಲಿಸಿ ಮಾಡಿದ ಬೃಹತ್ ಶಿಲಾ ಸಮಾಧಿಗಳಿವೆ. ಅವು ಗುಡಿಗಳಿಗಿಂತಲೂ ಎಷ್ಟೋ ಹಳೆಯವು. ಒಂದೇ ಗುಡ್ಡಸಾಲಿನ ಕಲ್ಲು ಒಂದು ಕಾಲಕ್ಕೆ ಗೋರಿ, ಇನ್ನೊಂದು ಕಾಲಕ್ಕೆ ಗುಡಿ.

ಎರಡು ದಂಡೆಗಳನ್ನು ಜೋಡಿಸುವ ತೂಗುಸೇತುವೆ ಸುಮಾರು 201 ಮೀಟರ್ ಉದ್ದ, ಕೆಳಗಿನ ಬಂಡೆಹಾಸಿನಿಂದ 14 ಮೀಟರ್ ಎತ್ತರ. ಜಲಪಾತದ ಎದುರಿಗಲ್ಲ, ಬೆನ್ನಿಗೆ ಕಟ್ಟಿದ ಸೇತುವೆ ಇದು. ಇದರ ಮೇಲೆ ನಿಂತವನಿಗೆ ನೀರು ಬೀಳುವುದು ಕಾಣುವುದಿಲ್ಲ. ಬೀಳಲು ಹೊರಟ ನೀರು ಕಾಣುತ್ತದೆ. ಕಾಲಡಿಯಿಂದ ಸರಿದ ನೀರು ಕೊಂಚ ದೂರದಲ್ಲಿ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ, ಆಚೆ ಬರಿಯ ತುಂತುರು ಏಳುತ್ತದೆ. ಎದುರಿನಿಂದ ತೆಗೆದ ನೂರು ಫೋಟೊಗಳಿಗಿಂತ ಈ ನೋಟವೇ ಹೆಚ್ಚು.

ಈ ನೀರು ತನ್ನಿಷ್ಟಕ್ಕೆ ಹರಿಯುವ ಕಾಲ ಎಂದೋ ಮುಗಿಯಿತು. ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಅಣೆಕಟ್ಟು 51 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿಂದ ಕೆಳಗೆ, 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಧೂಪದಾಳದ ಒಡ್ಡು ನೀರನ್ನು ಕಾಲುವೆಗೆ ತಿರುಗಿಸುತ್ತದೆ. ಆಮೇಲೆ ಉಳಿದದ್ದು ಜಲಪಾತಕ್ಕೆ. ಹಾಗಾಗಿ ಏಪ್ರಿಲ್‌ನಲ್ಲಿ ಬಂದವರು ಬೋಳು ಬಂಡೆ ನೋಡಿ ಹಿಂದಿರುಗುತ್ತಾರೆ. ಅದು ಮೋಸವಲ್ಲ. ಆ ನೀರು ಗೋಕಾಕ, ಮೂಡಲಗಿ ಸೀಮೆಯ ಕಬ್ಬಿನ ಬೇರಿಗೆ ಇಳಿದಿರುತ್ತದೆ. ಧೂಪದಾಳದ ಹಿನ್ನೀರು ಇನ್ನೊಂದು ಉಪಕಾರವನ್ನೂ ಮಾಡಿದೆ: ಅಲ್ಲಿ 1974ರಲ್ಲಿ ಘಟಪ್ರಭಾ ಪಕ್ಷಿಧಾಮ ಆಯಿತು, ಸುಮಾರು 30 ಚದರ ಕಿಲೋಮೀಟರ್. ಚಳಿಗಾಲಕ್ಕೆ ದೂರದೇಶದ ಕೊಕ್ಕರೆ, ಕ್ರೌಂಚಗಳು ಬಂದಿಳಿಯುತ್ತವೆ.

ಕೊಡುವ ನದಿ ಕಸಿಯುವುದೂ ಉಂಟು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಏಕಕಾಲಕ್ಕೆ ಉಕ್ಕಿ ಗೋಕಾಕ ಪಟ್ಟಣದ ತಗ್ಗು ಓಣಿಗಳು ಮುಳುಗಿದವು, ಲೋಳಸೂರಿನ ಸೇತುವೆ ನೀರಿನಡಿ ಹೋಯಿತು. ಅದೇ ಅಕ್ಟೋಬರಿನಲ್ಲಿ ಊರಿನ ನೆತ್ತಿಯ ಮೇಲಿರುವ ಮಲ್ಲಿಕಾರ್ಜುನ ಗುಡ್ಡದ ಎರಡು ಹೆಬ್ಬಂಡೆಗಳು ಉರುಳಿ ಬೀಳುವ ಭಯ ಹುಟ್ಟಿ ಕೆಳಗಿನ ಜನ ನಿದ್ದೆಗೆಟ್ಟರು. ಜಲಪಾತವನ್ನು ಕಡೆದ ಮರಳುಗಲ್ಲೇ ಅದು.

ಈ ಹೊಳೆದಂಡೆ ಬರಹಗಾರರನ್ನೂ ಧಾರಾಳವಾಗಿ ಕೊಟ್ಟಿದೆ. ಬಸವರಾಜ ಕಟ್ಟೀಮನಿ 1919ರಲ್ಲಿ ಹುಟ್ಟಿದ್ದು ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ, ಆನಂದಕಂದರು ಬೆಟಗೇರಿಯಲ್ಲಿ. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರ ಊರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ಶ್ರೀಕೃಷ್ಣ ಪಾರಿಜಾತ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಅದರಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮ ಇಬ್ಬರೂ ಹಳೆಯ ಗೋಕಾಕ ತಾಲ್ಲೂಕಿನವರು. ಭಾಷಾ ಚಳವಳಿಗೆ ಹೆಸರು ಕೊಟ್ಟ ವಿ. ಕೃ. ಗೋಕಾಕರು ಮಾತ್ರ ಸವಣೂರಿನವರು.

ಕರೆಂಟಿನ ಕತೆಗೂ ಇಲ್ಲೇ ಮುಂದಿನ ಅಧ್ಯಾಯವಿದೆ. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ನೋಂದಣಿಯಾಯಿತು. ಹಳ್ಳಿಗರೇ ಸದಸ್ಯರಾಗಿ ಮನೆಗೆ, ಪಂಪ್‌ಸೆಟ್ಟಿಗೆ ಕರೆಂಟು ಹಂಚಿಕೊಳ್ಳುವ ವ್ಯವಸ್ಥೆ ಅದು. ಗೋಕಾಕ ಫಾಲ್ಸ್‌ನಲ್ಲಿ ಕಂಪನಿ ಮಾಡಿದ್ದಕ್ಕೂ ಹುಕ್ಕೇರಿಯಲ್ಲಿ ಒಕ್ಕಲಿಗರು ಮಾಡಿದ್ದಕ್ಕೂ ನಡುವೆ ಎಂಟು ದಶಕ, ದೂರ ಮಾತ್ರ ಒಂದೇ ಹೊಳೆಯ ಬಯಲಿನಷ್ಟು. ನಮ್ಮ ಪಠ್ಯಪುಸ್ತಕಗಳಲ್ಲಿ ಶಿವನಸಮುದ್ರಕ್ಕೆ ಸಿಕ್ಕ ಜಾಗದ ಕಾಲುಭಾಗವಾದರೂ ಇವೆರಡಕ್ಕೆ ಸಿಗಬೇಕು.

ನೋಡಲು ಹೋಗುವವರು ಜುಲೈನಿಂದ ಸೆಪ್ಟೆಂಬರ್ ನಡುವೆ, ಹಿಡಕಲ್‌ನಿಂದ ನೀರು ಬಿಟ್ಟ ಸುದ್ದಿ ಕೇಳಿಕೊಂಡು ಹೊರಡಿ. ಬಂಡೆಯ ಅಂಚಿಗೆ ಸೆಲ್ಫಿಗೆಂದು ಹೋಗಬೇಡಿ, ಪಾಚಿ ಕಟ್ಟಿದ ಕಲ್ಲು ಯಾರ ಮುಲಾಜೂ ನೋಡುವುದಿಲ್ಲ. ಗೋಕಾಕ ಪೇಟೆಗೆ ಮರಳಿದಾಗ ಕರದಂಟು ಕೊಳ್ಳುವುದಾದರೆ ಮುರಿದು ನೋಡಿ: ತುಪ್ಪದಲ್ಲಿ ಅರಳಿದ ಅಂಟು ಬೆಲ್ಲದ ನಡುವೆ ಎದ್ದು ಕಾಣಬೇಕು, ಕೊಬ್ಬರಿಗಿಂತ ಗೋಡಂಬಿ, ಉತ್ತತ್ತಿ ಹೆಚ್ಚಿರಬೇಕು. ಅಷ್ಟಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.